ಹತ್ತನೇ ಕಲ್ಲಿನಾಚೆ

ವಸಂತಪುರದಿಂದ ಹೊರಟು ಮೂರು ದಿನ ನಡೆದರೆ ಕಾವೇರಿ ದಡ ಮುಟ್ಟುವ ಕಾಲುದಾರಿಯೊಂದನ್ನು ನಾವು ಕೆಲವರು ನೋಡಿಕೊಳ್ಳುತ್ತೇವೆ. ಪ್ರತಿ ಮಳೆಗಾಲ ಮುಗಿದ ಮೇಲೆ ಕಲ್ಲುಗಳ ಮೇಲಿನ ಹಳದಿ ಗುರುತಿಗೆ ಮತ್ತೆ ಬಣ್ಣ ಬಳಿಯಬೇಕು. ಆರು ವರ್ಷದಿಂದ ಇದೇ ಕೆಲಸ, ಸೊಂಟ ಬಿದ್ದುಹೋಗಿದೆ.

ಆ ಭಾನುವಾರ ಜೊತೆಗಿದ್ದವರು ಸಾರಕ್ಕಿಯ ಪಿಳ್ಳಪ್ಪಣ್ಣ. ನಾನು ಮುಂದಿನ ಕಲ್ಲಿಗೆ ಬಣ್ಣ ಬಳಿಯಬೇಕು, ಹಿಂದಿನ ಕಲ್ಲಿನ ಹತ್ತಿರ ನಿಂತ ಅವರು ಗುರುತು ಕಂಡರೆ “ಕಾಣ್ತು” ಎಂದು ಕೂಗಬೇಕು. ನಮ್ಮ ಪದ್ಧತಿ ಅಷ್ಟೇ.

ಹತ್ತನೇ ಕಲ್ಲು ದಾಟಿದ ಮೇಲೆ, ಬ್ರಷ್ ಇನ್ನೂ ಡಬ್ಬಿಯಲ್ಲಿರುವಾಗಲೇ “ಕಾಣ್ತು” ಎಂದು ಕೇಳಿಸಿತು.

“ಇನ್ನೂ ಬಳ್ದೇ ಇಲ್ಲ, ಏನ್ ಕಾಣ್ತಣ್ಣಾ ನಿಮ್ಗೆ?” ಎಂದು ರೇಗಿದೆ. ತಿರುಗಿ ನೋಡುವಷ್ಟೂ ತ್ರಾಣವಿರಲಿಲ್ಲ. ಮುಂದಿನ ಎಂಟು ಕಲ್ಲಿಗೂ ಹಾಗೇ ಆಯಿತು. ದನಿ ತೀರಾ ತಗ್ಗಿನಿಂದ ಬರುತ್ತಿತ್ತು. ಪಾಪ, ಅವರಿಗೂ ಸುಸ್ತು, ಕೂತು ಕೂಗುತ್ತಿದ್ದಾರೆ ಅಂದುಕೊಂಡೆ.

ಸಂಜೆ ರಸ್ತೆಗೆ ಇಳಿದರೆ, ಟೀ ಅಂಗಡಿಯ ಬೆಂಚಿನ ಮೇಲೆ ಪಿಳ್ಳಪ್ಪಣ್ಣ ಕಾಲಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು.

“ಹತ್ತನೇ ಕಲ್ಲತ್ರಾನೇ ಕಾಲು ಉಳುಕ್ತಲ್ಲಮ್ಮಾ. ಎಷ್ಟ್ ಕೂಗಿದ್ರೂ ನೀನ್ ತಿರುಗ್ಲೇ ಇಲ್ಲ. ದನ ಮೇಯ್ಸೋರು ಯಾರೋ ಬೈಕಲ್ಲಿ ತಂದು ಬಿಟ್ರು.”

ಕಾಲು ವಾಸಿಯಾದ ಮೇಲೆ ಇಬ್ಬರೂ ಹೋಗಿ ನೋಡಿದೆವು. ಹತ್ತನೇ ಕಲ್ಲಿನ ಹತ್ತಿರ ನಿಂತರೆ ಮುಂದಿನ ಗುರುತು ಕಾಣಲಿಲ್ಲ. ಲಂಟಾನ ಪೊದೆ ಅಡ್ಡ. ಕೂತರೂ ಕಾಣಲಿಲ್ಲ. ಕೊನೆಗೆ ನಾನು ನೆಲದ ಮೇಲೆ ಮಲಗಿದೆ. ಕೆನ್ನೆ ಮಣ್ಣಿಗೆ ತಾಗಿದಾಗ, ಪೊದೆಯ ಬುಡದ ಸಂದಿನಲ್ಲಿ, ಹಳದಿ ಗುರುತು ನಿಚ್ಚಳವಾಗಿ ಕಂಡಿತು.

ದನಿ ಕೇಳಿಸಿದ ಉಳಿದ ಕಲ್ಲುಗಳ ಹತ್ತಿರವೂ ಮಲಗಿ ನೋಡಿದೆ. ಒಂಬತ್ತಕ್ಕೆ ಒಂಬತ್ತೂ ಹಾಗೇ.