ಅಜ್ಜಯ್ಯನ ‘ಬತ್ತೆ’

ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಅಜ್ಜಯ್ಯ ದೋಣಿಯ ತುದಿಯಲ್ಲಿ ನಿಂತರು. ಎದೆಯುಬ್ಬಿಸಿ ಬಾಯಿ ತೆರೆದರು. ಸ್ವರ ಬರಲಿಲ್ಲ.

ನವ್ಯಾ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ವಿಡಿಯೋವನ್ನು ಹಿಂದಕ್ಕೆ ಓಡಿಸಿದಳು. ಅಜ್ಜಯ್ಯ ಮತ್ತೆ ಬಾಯಿ ತೆರೆದರು. ದೋಣಿಯ ಕೊನೆಯ ದಿನವೆಂದು ದಡದಲ್ಲಿ ನೆರೆದ ಜನ ಚಪ್ಪಾಳೆ ತಟ್ಟಿದರು. ಎಲ್ಲವೂ ನೀರಿನ ಅಡಿಯಲ್ಲಿ ನಡೆದಂತೆ ಮೌನವಾಗಿತ್ತು.

"ಇಲ್ಲ್ ಕೊಡ್ ಕಾಂಬ," ಎಂದರು ರವಿರಾಜ್ ಮಾವ. ಮದುವೆಗಳ ವಿಡಿಯೋ ತೆಗೆಯುವ ಮಾವ ಆಗಷ್ಟೇ ಕುಂಭಾಶಿಯಿಂದ ಬಂದಿದ್ದರು. ಅವರ ಬೆರಳು ಕ್ಯಾಮೆರಾದ ಅಡಿಯಲ್ಲಿದ್ದ ಕಪ್ಪು ಪೆಟ್ಟಿಗೆಯ ಮೇಲೆ ನಿಂತಿತು. ಅಲ್ಲಿ ಉರಿಯಬೇಕಾದ ಹಸಿರು ದೀಪ ಆರಿಹೋಗಿತ್ತು. "ಇದನ್ನ್ ಯಾವಾಗ ಆನ್ ಮಾಡದ್ದ್?"

"ಬೆಳಿಗ್ಗೆ," ಎಂದಳು ನವ್ಯಾ. "ಸಂಜಿಗ್ ಮರ್ತ್ ಹೋತ್ತೇನೋ ಅಂದ್ಕಂಡ್..."

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಹಿಂದಿನ ದಿನವೇ ಅವರು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಮೈಕನ್ನು ಕ್ಯಾಮೆರಾಗೆ ಜೋಡಿಸುವ ಎರಡು ಅಡಾಪ್ಟರ್‌ಗಳನ್ನು ಚಾವಡಿಯಲ್ಲಿ ಇಟ್ಟಿದ್ದರು. ಒಂದು ಬೆರಳುದ್ದದ ವಯರು. "ಇದ್ ಹಾಕ್ರೆ ಪಿನ್ ಏನೋ ಕೂಕಂತ್. ಆರೆ ಈ ಉದ್ದದ ಮೈಕಿಗೆ ಹಸಿವು ಜಾಸ್ತಿ. ಕ್ಯಾಮೆರಾ ಕೊಡು ಕರೆಂಟ್ ಅದ್ಕೆ ಸಾಕಾತಿಲ್ಲೆ. ಹೊಟ್ಟಿಗ್ ಬೀಳ್ದೆ ಅದ್ಕೆ ಕಿವಿ ಕೇಣುದಿಲ್ಲೆ." ಎರಡನೆಯದು ಈ ಪೆಟ್ಟಿಗೆ. "ಇದ್ರೊಳ್ಗೆ ಬ್ಯಾಟರಿ ಇತ್ತ್. ಮೈಕಿಗೆ ಊಟ ಹಾಕುದ್ ಇದೇ. ಅಜ್ಜಯ್ಯ ದೋಣಿ ಹತ್ತುವತ್ತಿಗೆ ಆನ್ ಮಾಡ್. ಮುಂಚೆ ಬ್ಯಾಡ."

ನವ್ಯಾ ಮುಂಚೆಯೇ ಮಾಡಿದ್ದಳು. ಪೆಟ್ಟಿಗೆ ದಿನವಿಡೀ ಮೈಕಿಗೆ ಉಣಿಸಿ ಉಣಿಸಿ, ಅಜ್ಜಯ್ಯ ಬಾಯಿ ತೆರೆಯುವ ಹೊತ್ತಿಗೆ ಬರಿದಾಗಿತ್ತು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿದ್ದುದರಿಂದ ಎಲ್ಲವೂ ಸರಿಯಾಗಿದೆ ಎಂದು ಅವಳು ನಂಬಿದ್ದಳು.

ಇದೆಲ್ಲ ಅಪ್ಪನಿಗಾಗಿ. ಮುಂಬೈಯ ಕ್ಯಾಂಟೀನಿನಲ್ಲಿ ದುಡಿಯುವ ಅಪ್ಪ ಕಳೆದ ತಿಂಗಳು ಫೋನಿನಲ್ಲಿ ಕೇಳಿದ್ದರು: "ಸೇತುವೆ ಆಯ್ತಂಬ್ರಲೆ. ಇನ್ ಕಡವು ನಿಲ್ಲತ್. ನಾ ಶಾಲಿ ಬಿಟ್ ಬಂದ್ ಆಚೆ ದಡದಗ್ ನಿಂತಾಗ ಅಪ್ಪಯ್ಯ ಬತ್ತೆ ಅಂದ್ ಕೂಗೂರ್. ಆ ಸ್ವರ ಒಂದ್ ಸಲ ಸಮಾ ಕೇಣ್ಕ್ ಮಗಾ." ಅಮ್ಮನ ಮೊಬೈಲಿನಲ್ಲಿ ಹಿಡಿದು ಕಳಿಸಿದಾಗ ಅಪ್ಪನಿಗೆ ಕೇಳಿಸಿದ್ದು ಬರೀ ಗಾಳಿ.

ಗುಲ್ವಾಡಿಯ ಆ ಕಡವಿನಲ್ಲಿ ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದವರು ನವ್ಯಾಳ ಈ ಅಜ್ಜಯ್ಯ, ಊರವರ ಚಂದಯ್ಯಜ್ಜ. ಆಚೆ ದಡದಿಂದ ಯಾರಾದರೂ "ಹ್ವಾಯ್, ದೋಣೀ" ಎಂದು ಕರೆದರೆ ಅವರು ಈಚೆಯಿಂದ ‘ಬತ್ತೆ’, ಬರುತ್ತೇನೆ, ಎನ್ನುತ್ತಿದ್ದರು. ಆ ಸ್ವರ ಹೊಳೆಯನ್ನು ದಾಟಿ ಹೋಗುತ್ತಿತ್ತು. ಅದು ಕೇಳಿಸಿದ ಮೇಲೆ ಕರೆದವರು ಗಂಟುಮೂಟೆ ಕೆಳಗಿಟ್ಟು ಕೂರುವುದು ಮನೆಯ ಜಗಲಿಗೆ ಕಾಣುತ್ತಿತ್ತು.

ಮರುದಿನ ಹೊಸ ಬ್ಯಾಟರಿ ಹಾಕಿ ನವ್ಯಾ ಕೇಳಿಕೊಂಡಳು. "ಅಜ್ಜಯ್ಯ, ಇನ್ನೊಂದ್ ಸಲ ಹೇಳಿನಿ."

"ಯಾರೂ ಕರೀದೆ ಬತ್ತೆ ಅಂಬುಕ್ ಆತ್ತಾ ಹೆಣೆ?"

ಆದರೂ ಮೊಮ್ಮಗಳ ಮುಖ ನೋಡಿ ಅವರು ಎದ್ದು ನಿಂತರು. "ಬತ್ತೆ," ಎಂದರು. ಒಳಗಿನಿಂದ ಕಾಫಿಗೆ ಕರೆದವರಿಗೆ ಉತ್ತರ ಕೊಟ್ಟಂತಿತ್ತು. ಅವರಿಗೇ ನಾಚಿಕೆಯಾಗಿ ತಲೆಯ ಮುಂಡಾಸನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು. "ಬತ್ತಿಲ್ಲೆ ಮಗಾ. ಅದ್ ಹಾಂಗ್ ಬಪ್ಪುದಲ್ಲ."

ಅಜ್ಜಯ್ಯನನ್ನು ಸುಮ್ಮನೆ ಕರೆಯುವಂತೆಯೂ ಇರಲಿಲ್ಲ. ಹಿಂದೊಮ್ಮೆ ಯಾರೋ ಮಕ್ಕಳು ತಮಾಷೆಗೆ ಆಚೆಯಿಂದ ಕರೆದು ಅಡಗಿಕೊಂಡಿದ್ದರು. ಅಜ್ಜಯ್ಯ ಮಳೆಯಲ್ಲಿ ಹುಟ್ಟು ಹಾಕಿ ಹೋಗಿ, ಬರಿಯ ದಡವನ್ನು ನೋಡಿ ಮರಳಿದ್ದರು. ಆ ರಾತ್ರಿ ಅವರು ಊಟ ಮಾಡಲಿಲ್ಲ ಎಂದು ಅಮ್ಮ ಹೇಳುತ್ತಿದ್ದರು.

ಶನಿವಾರ ಶಾಲೆ ಬೇಗ ಬಿಟ್ಟಿತು. ಗೇಟಿನ ಬಳಿ ಸ್ಕೂಟರಿನಲ್ಲಿ ಮಾವ ಕಾಯುತ್ತಿದ್ದರು. ಕ್ಯಾಮೆರಾದ ಚೀಲವನ್ನು ಸಂಗಡ ತರಲು ನವ್ಯಾಳೇ ಹೇಳಿದ್ದಳು. ಸೇತುವೆಗೆ ಏರುವ ಮುನ್ನ, ಹಳೆಯ ಕಡವಿನ ಕಲ್ಲುಮೆಟ್ಟಿಲಿನ ಹತ್ತಿರ ಅವಳು ಸ್ಕೂಟರ್ ನಿಲ್ಲಿಸಲು ಹೇಳಿದಳು.

"ನಂಗ್ ಬೈಂದೂರಿಗ್ ಹೋಯ್ಕ್ ಮಾರಾಯ್ತಿ, ರಿಸೆಪ್ಷನ್ ಇತ್ತ್. ನೀ ಮನಿಗ್ ಹ್ಯಾಂಗ್ ಹೋತೆ?"

"ಕರೀತೆ."

ಮಾವ ಅವಳನ್ನೊಮ್ಮೆ, ಹೊಳೆಯನ್ನೊಮ್ಮೆ ನೋಡಿದರು. ಮೂರು ಕಾಲಿನ ಸ್ಟ್ಯಾಂಡನ್ನು ಬಿಡಿಸಿ ನಿಲ್ಲಿಸಿ, ಹೆಡ್‌ಫೋನನ್ನು ಅವಳ ಕೊರಳಿಗೆ ಹಾಕಿ ಹೊರಟರು.

ಎದುರಿಗೆ, ಮನೆಯ ಕಡೆಯ ದಡದಲ್ಲಿ, ಅಜ್ಜಯ್ಯ ಕಟ್ಟಿಹಾಕಿದ ದೋಣಿಯ ಪಕ್ಕ ಕುಳಿತಿದ್ದರು. ಕಡವು ನಿಂತರೂ ಕುಳಿತುಕೊಳ್ಳುವುದು ನಿಂತಿರಲಿಲ್ಲ.

ನವ್ಯಾ ಮೈಕನ್ನು ಅವರತ್ತ ತಿರುಗಿಸಿ ಕ್ಯಾಮೆರಾ ಚಾಲೂ ಮಾಡಿದಳು. ಆಮೇಲೆಯೇ ಪೆಟ್ಟಿಗೆಯ ಸ್ವಿಚ್ ಒತ್ತಿದಳು. ಹಸಿರು ದೀಪ ಹೊತ್ತಿತು.

"ಹ್ವಾಯ್... ದೋಣೀ..."

ಅವಳ ಸ್ವರ ಸಣ್ಣದು. ಅಜ್ಜಯ್ಯ ತಲೆಯೆತ್ತಿದರು. ಆದರೆ ನೋಡಿದ್ದು ಸೇತುವೆಯ ಕಡೆಗೆ. ಅಲ್ಲಿ ಒಂದು ಬಸ್ಸು ಸಾಗುತ್ತಿತ್ತು. ಅವರು ಮತ್ತೆ ತಲೆ ತಗ್ಗಿಸಿದರು.

ಬ್ಯಾಗಿನ ಪಟ್ಟಿ ಅವಳ ಹೆಗಲನ್ನು ಕೊರೆಯುತ್ತಿತ್ತು. ಬಿಸಿಲು ನೆತ್ತಿಯ ಮೇಲಿತ್ತು. ಅವರಿಗೆ ಕೇಳಿಸದೆ ಹೋದರೆ? ಕೇಳಿಸಿಯೂ, ಇನ್ನು ತನ್ನ ಕೆಲಸವಲ್ಲ ಎಂದು ಸುಮ್ಮನಿದ್ದರೆ? ಅವಳಿಗೆ ನಿಜವಾಗಿಯೂ ಮನೆಗೆ ಹೋಗಬೇಕಿತ್ತು.

"ಹ್ವಾಯ್... ದೋಣೀ..." ಈ ಸಲ ಕೂಗು ಹೊಟ್ಟೆಯಿಂದ ಬಂತು.

ಅಜ್ಜಯ್ಯ ಎದ್ದರು. ಹಗ್ಗ ಬಿಚ್ಚಿದರು. ದೋಣಿಯ ತುದಿಗೆ ಬಂದು ನಿಂತರು.

"ಬತ್ತೇ..."

ಅವಳ ಶಾಲೆ ಬಿಡುವ ಹೊತ್ತಿಗೆ ಅಜ್ಜಯ್ಯ ದೋಣಿ ತಂದು ಈ ದಡದಲ್ಲೇ ಕಾಯುತ್ತಿದ್ದರು; ಇಷ್ಟು ವರ್ಷ ಈ ಸ್ವರವನ್ನು ಅವಳು ಅವರ ಬೆನ್ನ ಹಿಂದಿನಿಂದ ಮಾತ್ರ ಕೇಳಿದ್ದಳು. ಅದು ಯಾವಾಗಲೂ ಮನೆಯಿಂದ ದೂರಕ್ಕೆ ಹೋಗುವ ಸ್ವರವಾಗಿತ್ತು. ಇವತ್ತು ಅದು ನೀರಿನ ಮೇಲೆ ಹಾದು ನೇರ ಅವಳ ಬಳಿಗೇ ಬಂತು. ಅಪ್ಪ ಶಾಲೆಯ ಚೀಲ ಹೊತ್ತು ನಿಂತಿದ್ದದ್ದು ಇದೇ ಮೆಟ್ಟಿಲಿನ ಮೇಲೆ.

ನವ್ಯಾಳ ಕೈ ತಾನಾಗಿ ಬ್ಯಾಗನ್ನು ಕೆಳಗಿಟ್ಟಿತು. ಅವಳು ಕಲ್ಲಿನ ಮೇಲೆ ಕುಳಿತಳು.

ಸ್ವಿಚ್ ಆರಿಸಲು ಚಾಚಿದ ಬೆರಳನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಹುಟ್ಟಿನ ಸದ್ದು ಇನ್ನೂ ಬರುವುದಿತ್ತು. ಅದನ್ನೂ ಅಪ್ಪ ಕೇಳಲಿ.