ಜಾರುವ ಗವಸು

"ಭುಜದ ಹತ್ರ ಅಗಲ ಬೇಕು... ಇನ್ನೂ ಅಗಲ!"

ಮೊಬೈಲ್ ಟವರ್ ರಿಪೇರಿಯವನು ದರ್ಜಿ ಹುಡುಗಿಯ ಕೈಯಲ್ಲಿದ್ದ ಟೇಪನ್ನು ತಾನೇ ಎಳೆದು ತೋರಿಸಿದ. ಬೆರಳಿಗೆ ಬೆರಳು ತಾಗಿ ಅವಳ ಎದೆ ಝಲ್ಲೆಂದಿತು!

ಮೇಜಿನ ಮೇಲೆ ಅವನ ತೆಳು ಫೋಮ್ ಹಾಸಿಗೆ. ಬೆಟ್ಟದ ಕೆಲಸಕ್ಕೆ ಹೋದಾಗ ಎರಡು ಮರಕ್ಕೆ ಜೋಲಿ ಕಟ್ಟಿ, ಅದರೊಳಗೆ ಇದನ್ನು ಹಾಸಿಕೊಂಡು ಮಲಗುತ್ತಾನಂತೆ. ಇದಕ್ಕೊಂದು ಗವಸು ಬೇಕು. ಹೊತ್ತುಕೊಂಡು ಹತ್ತಬೇಕಲ್ಲ, ಬಟ್ಟೆ ಹಗುರವಿರಬೇಕು.

'ಒಬ್ಬನಿಗೆ ಇಷ್ಟು ಅಗಲ ಯಾಕೆ? ಓಹೋ... ಜೊತೆಗೆ ಯಾರೋ ಇದ್ದಾಳೆ!'

ಅವಳ ಮುಂದೆ ಎರಡು ಬಟ್ಟೆ. ಒಂದು ನುಣುಪು ನೈಲಾನ್, ಊದಿದರೆ ಹಾರುವಂಥದ್ದು. ಇನ್ನೊಂದು ಸ್ವಲ್ಪ ತೂಕ, ಆದರೆ ಒರಟು. ತೂಗಾಡುವ ಜೋಲಿಯಲ್ಲಿ ನುಣುಪು ಬಟ್ಟೆ ನಿಲ್ಲದೆ ಜಾರುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಯಾವುದು ತಗೊಳ್ಲಿ? ನೀವೇ ಹೇಳಿ."

"ಹಗುರ ಬೇಕಂದ್ರೆ ನೈಲಾನ್. ಆಮೇಲೆ ನಿಮ್ಮಿಷ್ಟ, ಮಲಗೋರು ನೀವು!"

ಅಷ್ಟಂದು ಮುಖ ತಿರುಗಿಸಿದಳು. ಹೊಟ್ಟೆಕಿಚ್ಚು ಬಾಯಿಗೆ ಬೀಗ ಹಾಕಿತ್ತು. ಅವನು ನೈಲಾನನ್ನೇ ಆರಿಸಿದ; ಸಂಜೆ ಹೊಲಿದು ಮುಗಿಸಿದ ಗವಸನ್ನು ಮುಖ ಸಣ್ಣದು ಮಾಡಿಕೊಂಡು ತೆಗೆದುಕೊಂಡು ಹೋದ.

ಮೂರನೇ ದಿನ, ಅಂಗಡಿಯ ಒಡತಿ ಚಿಕ್ಕಮ್ಮ ಸುದ್ದಿ ತಂದಳು.

"ಬೆಟ್ಟದ ಮೇಲೆ ಕೊರೆಯೋ ಚಳಿಯಂತೆ ಕಣೇ. ನಿನ್ನ ಜೋಲಿ ಸಾಹೇಬ್ರು ಏನಾದ್ರೋ!"

"ನನಗೇನು? ಇಬ್ರು ಮಲಗೋವಷ್ಟು ಅಗಲ ಹೊಲಿಸ್ಕೊಂಡಿದ್ದಾರೆ."

"ಅಯ್ಯೋ ಪೆದ್ದೇ! ಜೋಲೀಲಿ ಇಬ್ರಾ? ಒಂದ್ಸಲ ಮಲಗಿ ನೋಡು."

ಕ್ಯಾನ್ವಾಸ್ ತುಂಡನ್ನು ಎರಡು ಕಂಬಕ್ಕೆ ಕಟ್ಟಿ ಮಲಗಿದಳು. ಬಟ್ಟೆ ಎರಡೂ ಬದಿಯಿಂದ ಮೇಲೆದ್ದು ಭುಜಕ್ಕೆ ಒತ್ತಿತು. ಒತ್ತಿದ ಕಡೆಯೆಲ್ಲ ಗಾಳಿ ತಣ್ಣಗೆ ತಾಗಿತು.

'ಅಗಲ ಭುಜ ಮುಚ್ಚೋಕೆ! ಅವನೊಬ್ಬನಿಗೇ! ದೇವರೇ, ನಾನೇನು ಮಾಡಿಬಿಟ್ಟೆ...'

ಹತ್ತು ಸಲ ಫೋನ್ ಮಾಡಿದಳು. ಸಿಗ್ನಲ್ ಸರಿಮಾಡಲು ಹೋದವನಿಗೇ ಸಿಗ್ನಲ್ ಇಲ್ಲ! ಎರಡು ದಿನ ಬಾಗಿಲ ಕಡೆಯೇ ನೋಡುತ್ತ ಹೊಲಿದಳು. ಯಾರದೋ ಅಂಗಿಗೆ ತೋಳನ್ನು ತಿರುವುಮುರುವು ಹೊಲಿದು ಚಿಕ್ಕಮ್ಮನಿಂದ ಬೈಸಿಕೊಂಡಳು.

ಕೊನೆಗೂ ಅವನು ಬಂದ. ಕೆಮ್ಮು, ಬಾಡಿದ ಮುಖ, ಕಂಕುಳಲ್ಲಿ ಅದೇ ಹಾಸಿಗೆ. ಬದುಕಿದ್ದಾನೆ! ಅವಳಿಗೆ ಹೋದ ಜೀವ ಬಂದಂತಾಯಿತು.

"ರಾತ್ರಿಯೆಲ್ಲ ಜಾರಿ ಜಾರಿ ಕೆಳಗೆ ಬೀಳ್ತಿತ್ತು ರೀ. ಕೂತೇ ಬೆಳಗು ಮಾಡಿದೆ. ಪಾಪ, ನಿಮಗೂ ಗೊತ್ತಿರ್ಲಿಲ್ಲ ಅನ್ಸುತ್ತೆ."

ಪಾಪ ಅಂದನಲ್ಲ! ಹೂಂ ಅಂದರೆ ಮುಗಿಯಿತು. ನಿಜ ಹೇಳಿದರೆ ಇವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ...

"ಗೊತ್ತಿತ್ತು," ಅಂದಳು.

"ಏನು?"

"ಜಾರುತ್ತೆ ಅಂತ ಗೊತ್ತಿತ್ತು. ನಿಮಗೆ ಯಾರೋ ಇದ್ದಾಳೆ ಅಂದ್ಕೊಂಡು ಹೊಟ್ಟೆ ಉರೀತು, ಹೇಳ್ಲಿಲ್ಲ. ನಿಮಗೇನಾದ್ರೂ ಆಗಿದ್ರೆ ನಾನು..." ಅಳು ಒತ್ತರಿಸಿ ಬಂತು.

ಅವನು ಸ್ಟೂಲ್ ಎಳೆದುಕೊಂಡು ಅವಳೆದುರು ಕೂತ.

"ಅಲ್ಲಿ ನಡುಗ್ತಾ ಒಂದೇ ಯೋಚನೆ. ನಾನೇನಂದೆ ಅಂತ ಇವಳು ಮುಖ ತಿರುಗಿಸಿದ್ಲು? ಚಳಿಗಿಂತ ಅದೇ ಹೆಚ್ಚು ಕೊರೀತಿತ್ತು."

"ಕೋಪ ಇಲ್ವಾ?"

"ಇದೆ. ತುಂಬಾನೇ ಇದೆ. ಇಳಿಯೋವರೆಗೂ ದಿನಾ ಬರ್ತೀನಿ."

"ಇಳಿದ ಮೇಲೆ...?"

ಅವನು ಅವಳ ಕಣ್ಣೊರೆಸಿದ.

"ಆಮೇಲೆ ನೀನು ಬಾ... ನಮ್ಮನೆಗೆ."