ಅಂಗಿ ಕುಡಿದ ದಾರೂ

1956ರ ಅಕ್ಟೋಬರ್ ಒಂಬತ್ತು, ಮಂಗಳವಾರ. ಬೆಟಗೇರಿ ಠಾಣೆಯ ಕಟ್ಟೆಗೆ ಬಿಸಿಲು ಇನ್ನೂ ಏರಿರಲಿಲ್ಲ. ಮಗ್ಗದ ಸಾವ್ಕಾರ ದೇವೇಂದ್ರಪ್ಪ ಇಬ್ಬರು ಹಮಾಲರ ಹೆಗಲ ಮೇಲೆ ಒಬ್ಬ ಮನುಷ್ಯನನ್ನು ಹೊರಿಸಿಕೊಂಡು ಬಂದು, ಜೋಳದ ಚೀಲ ಇಳಿಸಿದ ಹಾಗೆ ಜಮಾದಾರ ಹುಲಗಪ್ಪನ ಮುಂದೆ ಇಳಿಸಿದ.

"ಬರಕೋರಿ ಜಮಾದಾರ್ರ. ಇಂವ ನಮ್ಮ ನೇಕಾರ ಉಡಚಪ್ಪ. ದಾರೂ ಕುಡದು ಮಗ್ಗದ ಮ್ಯಾಲಿನ ಮದುವಿ ಸೀರಿ ಹರದಾನ. ತಡ್ಯಾಕ ಹೋದ್ರ ನನಗ ಹೊಡ್ಯಾಕ ಬಂದ."

ಹುಲಗಪ್ಪ ಬಗ್ಗಿ ಮೂಸಿದ. ಮುಂಬಯಿ ಸರ್ಕಾರ ದಾರೂಬಂದಿ ತಂದಾಗಿನಿಂದ ಠಾಣೆಯ ಅರ್ಧ ಕೆಲಸವನ್ನು ಅವನ ಮೂಗೇ ಮಾಡುತ್ತಿತ್ತು. ನಾತ ಗಪ್ಪನೆ ಹೊಡೆಯಿತು. ಉಡಚಪ್ಪನ ಕಣ್ಣು ಅರೆತೆರೆದಿದ್ದವು, ನಾಲಿಗೆ ತೊದಲುತ್ತಿತ್ತು.

"ಎಷ್ಟು ಏರಿಸೀಯೋ ಮಾರಾಯ?"

"ಲಾಳಿ... ಲಾಳಿ ಹಾರೇತಿ..."

"ಕೋಲ್ಯಾಗ ಮಲಕೊಂಡು ಹಿಡಕೋ ಅದನ್ನ. ಸಂಜಿಮಟ ಇಳೀತೈತಿ," ಎಂದು ನಕ್ಕ ಹುಲಗಪ್ಪ ಫಿರ್ಯಾದಿ ಬರೆದುಕೊಂಡು, ಉಡಚಪ್ಪನನ್ನು ಲಾಕಪ್ಪಿಗೆ ತಳ್ಳಿಸಿದ.

ಫೌಜದಾರ ವಿರೂಪಾಕ್ಷಪ್ಪನವರು ಬಂದಾಗ ಎಂಟೂವರೆ. ಹಳಿಯಾಳದ ಕಾಡಿನ ಕಡೆಯಿಂದ ವರ್ಗವಾಗಿ ಬಂದವರು. ಮಾತು ಕಡಿಮೆ, ಹಿಂದಿನಿಂದ ಠಾಣೆಯವರು ಅವರನ್ನು ಮೂಕಪ್ಪ ಎನ್ನುತ್ತಿದ್ದರು, ಆ ಹೆಸರನ್ನು ಇಟ್ಟವನೇ ಹುಲಗಪ್ಪ. ಅವರು ಟೊಪ್ಪಿಗೆಯನ್ನೂ ತೆಗೆಯದೆ ಸರಳಿನ ಹತ್ತಿರ ನಿಂತು, ಒಳಗೆ ಬಿದ್ದವನ ಉಸಿರನ್ನು ನೋಡಿದರು. ಅದು ಕಮ್ಮಾರನ ತಿದಿಯಂತೆ ಓಡುತ್ತಿತ್ತು.

"ಬೀಗ ತಗೀರಿ."

ಒಳಗೆ ಕೂತು ಅವನ ಬಾಯಿಯ ಹತ್ತಿರ ಮುಖ ಒಯ್ದರು. "ಹುಲಗಪ್ಪ, ನೀವು ಮೂಸಿದ್ದು ಅಂಗಿ. ಈಗ ಬಾಯಿ ಮೂಸ್ರಿ."

ಹುಲಗಪ್ಪ ಮೂಸಿದ. ಬಾಯಿಯಲ್ಲಿದ್ದದ್ದು ಹಳಸಿದ ಜ್ವರದ ವಾಸನೆ, ಅಷ್ಟೇ.

"ಅಂಗಿ ಕುಡದೈತಿ. ಮನಷ್ಯಾ ಕುಡದಿಲ್ಲ."

ಆಮೇಲೆ ಆ ಕೈಗಳು ಮಾಡಿದ ಕೆಲಸವನ್ನು ಹುಲಗಪ್ಪ ಬಾಯಿ ತೆರೆದು ನೋಡಿದ. ಫೌಜದಾರರು ಉಡಚಪ್ಪನ ರೆಪ್ಪೆ ಎತ್ತಿದರು: ಕಣ್ಣಿನ ಬಿಳುಪು ಅರಿಸಿನ ಬಳಿದಂತೆ ಹಳದಿ. ಕೆಳರೆಪ್ಪೆಯನ್ನು ಜಗ್ಗಿ, ಅಂಗೈ ಬಿಡಿಸಿದರು: ಎರಡೂ ಒಗೆದ ನೂಲಿನಂತೆ ರಕ್ತವಿಲ್ಲದ ಬಿಳುಪು. ಎತ್ತಿ ಕೂರಿಸಿದರೆ ಖಾಲಿ ಚೀಲದ ಹಾಗೆ ಮಗ್ಗುಲಿಗೆ ಬಿದ್ದ. ಹೆಸರು ಹಿಡಿದು ಕರೆದರೆ ನೋಟ ತಿರುಗಲಿಲ್ಲ. ಎದೆಯ ಮೂಳೆಯನ್ನು ಬೆರಳಗೆಣ್ಣಿನಿಂದ ಒತ್ತಿದರೆ ತಡೆಯಲು ಎದ್ದ ಕೈ ಅರ್ಧಕ್ಕೇ ನಿಂತಿತು. ಮೂಲೆಯಲ್ಲಿ ಅವನು ಒಂದಕ್ಕೆ ಮಾಡಿಕೊಂಡಿದ್ದ. ಅದು ಹಾಲು ಹಾಕದ ಕಡಕ್ ಚಹದ ಬಣ್ಣ.

"ಮಲೇರಿಯಾ," ಎಂದರು ಫೌಜದಾರರು. "ನೆತ್ತಿಗೆ ಏರೇತಿ. ಹಳಿಯಾಳದಾಗ ಇಂಥವ್ರನ್ನ ಭಾಳ ನೋಡೀನಿ."

ಅಷ್ಟರಲ್ಲಿ ಉಡಚಪ್ಪನ ಮೈ ಬಿಲ್ಲಾಯಿತು, ಹಲ್ಲು ಕಚ್ಚಿದವು. ಪೊಲೀಸ್ ಮಲಂಗಸಾಬ ಅವನ ಕೈಗೆ ಕಬ್ಬಿಣ ಹಿಡಿಸಲು ಬೀಗದಕೈ ಗೊಂಚಲು ತಂದ.

"ಅದು ಬ್ಯಾಡ. ಟಾಂಗಾ ತಾ, ಜಲ್ದಿ." ಫೌಜದಾರರು ಅವನನ್ನು ಮಗ್ಗುಲಿಗೆ ಹೊರಳಿಸಿ, ನೊರೆ ಹೊರಗೆ ಹರಿಯುವ ಹಾಗೆ ತಲೆ ಹಿಡಿದರು. ಖಾಕಿ ತೋಳೆಲ್ಲ ಒದ್ದೆಯಾದರೂ ಕೈ ಸಡಿಲಿಸಲಿಲ್ಲ.

ಸರ್ಕಾರಿ ದವಾಖಾನೆಯ ಡಾಕ್ಟರು ಬೆರಳು ಚುಚ್ಚಿ ರಕ್ತವನ್ನು ಗಾಜಿನ ಮೇಲೆ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕ್ಕೆ ಗ್ಲೂಕೋಸ್ ಹಚ್ಚಿ, ಅದರೊಳಗೆ ಕ್ವಿನೈನ್ ನಿಧಾನವಾಗಿ ಬಿಟ್ಟರು.

ಹುಲಗಪ್ಪ ಮೆಲ್ಲಗೆ ಕೇಳಿದ: "ಸಂಜಿಮಟ ಕೋಲ್ಯಾಗ ಬಿಟ್ಟಿದ್ರ ಏನಾಕ್ಕಿತ್ರಿ ಸಾಹೇಬ್ರ?"

"ಪಂಚನಾಮಿ ಮಾಡ್ತಿದ್ರಿ," ಎಂದರು ಡಾಕ್ಟರು. "ಈಗೂ ಉಳೀತಾನ ಅಂತ ಹೇಳಾಂಗಿಲ್ಲ. ನಾಳಿ ನೋಡೂಣು."

ಖಬರು ಮುಟ್ಟಿ ಉಡಚಪ್ಪನ ಹೆಂಡತಿ ಸಾವಂತ್ರೆವ್ವ ಓಡಿ ಬಂದಳು. ಫೌಜದಾರರು ಅವಳಿಗೆ ನೀರು ಕೊಡಿಸಿ, ಕುಳ್ಳಿರಿಸಿ ಕೇಳಿದರು.

"ಮನಿಗೆ ಯಾವಾಗ ಬಂದಿದ್ದ?"

"ಶನಿವಾರ ಹ್ವಾದವ್ರು ಬಂದಿಲ್ರಿ. ಸೀರಿ ಮುಟ್ಟಸಾಕ ಲಕ್ಷ್ಮೇಶ್ವರಕ್ಕ ಕಳಸೀನಿ ಅಂದ್ರು ಸಾವ್ಕಾರ್ರು."

"ಜ್ವರ ಇತ್ತೇನು?"

"ಒಂದಿನ ಬಿಟ್ಟು ಒಂದಿನ ಗಡಗಡ ನಡಗ್ತಿದ್ರಿ. ಕೌದಿ ಮ್ಯಾಲ ಕೌದಿ ಹೊಚ್ಚಿದ್ರೂ ನಿಲ್ಲತಿರಲಿಲ್ಲ. ಆಮ್ಯಾಲ ಬೆವತು ಎದ್ದು ಮತ್ತ ಮಗ್ಗಕ್ಕ ಹೋಗಾವ್ರು."

"ಕುಡೀತಾನೇನವ್ವ?"

"ಇವ್ರಿಗೆ ಚಾದ ಚಟಾನ ದೊಡ್ಡ ಚಟಾರಿ ಸಾಹೇಬ್ರ."

ಲಕ್ಷ್ಮೇಶ್ವರಕ್ಕೆ ಹೋದವನು ಬೆಟಗೇರಿಯ ಮಗ್ಗದ ಮೇಲೆ ಸೀರೆ ಹರಿದದ್ದು ಹೇಗೆ? ಫೌಜದಾರರು ಇಬ್ಬರು ಪಂಚರನ್ನು ಕರೆದುಕೊಂಡು ಮಧ್ಯಾಹ್ನ ಮಗ್ಗದ ಮನೆಗೆ ನಡೆದರು.

ಬಾಗಿಲ ಪಕ್ಕ ಗೋಡೆಯ ಮೇಲೆ ಸರ್ಕಾರದವರು ಸೊಳ್ಳೆಗೆ ಡಿಡಿಟಿ ಹೊಡೆದ ಗುರುತು, ತಾರೀಖು, ಎಲ್ಲ ನೀಟಾಗಿತ್ತು. ಫೌಜದಾರರು ಒಳಗಿನ ಗೋಡೆಗೆ ಅಂಗೈ ಉಜ್ಜಿ ನೋಡಿದರು. ಔಷಧದ ಬಿಳಿ ಪುಡಿ ಹತ್ತಲಿಲ್ಲ, ಬರೀ ಮಸಿ. ಅದು ಕುಣಿಮಗ್ಗ: ನೇಕಾರ ನೆಲದ ಅಂಚಿಗೆ ಕೂತು, ಕಾಲನ್ನು ಕೆಳಗಿನ ಕುಣಿಗೆ ಇಳಿಬಿಟ್ಟು ನೇಯಬೇಕು. ಬ್ಯಾಟರಿ ಬೆಳಕು ಆ ತಂಪು ಕತ್ತಲೆಗೆ ಇಳಿದದ್ದೇ ತಡ, ಸೊಳ್ಳೆಗಳು ಹೊಗೆಯಂತೆ ಎದ್ದವು.

ಸೀರೆ ಹರಿದಿರಲಿಲ್ಲ. ಸೆರಗಿನ ಹತ್ತಿರ ಕತ್ತರಿಯಿಂದ ನೇರ ಗೆರೆ ಎಳೆದ ಹಾಗೆ ಕತ್ತರಿಸಲಾಗಿತ್ತು.

"ತನ್ನ ಕೈ ತಾ ಎತ್ತಲಾರದವ ಹಿಂಗ ಕತ್ತರಸ್ತಾನೇನು?" ಎಂದರು ಫೌಜದಾರರು. ಪಂಚರು ತಲೆಯಾಡಿಸಿದರು. ಗೋಡೆಯ ಮಾಡದಲ್ಲಿ ಸಿಕ್ಕ ದಾರೂ ಬಾಟಲಿಗೂ ಕತ್ತರಿಗೂ ಅರಗು ಒತ್ತಲಾಯಿತು.

ಪಕ್ಕದ ಮಗ್ಗದ ಮುದುಕ ಯಂಕಪ್ಪ ಮೊದಲು ತನಗೇನೂ ಗೊತ್ತಿಲ್ಲ ಎಂದು ಮುಖ ತಿರುಗಿಸಿದ. ಫೌಜದಾರರು ಅವನ ಹಣೆ ಮುಟ್ಟಿ ನೋಡಿ ಹೇಳಿದರು: "ನಿನಗೂ ಥಂಡಿ ಬರ್ತೈತಿ. ಮೊದ್ಲ ದವಾಖಾನಿಗೆ ಹೋಗಿ ರಕ್ತ ಕೊಡು. ಹೇಳಿಕಿ ಆಮ್ಯಾಲ."

ಮುದುಕ ಫೌಜದಾರರ ಕೈ ಹಿಡಿದುಕೊಂಡ. "ಶನಿವಾರದಿಂದ ಹೊರಗ ಕೊಂಡಿ ಹಾಕಿದ್ರಿ ಯಪ್ಪಾ. ಒಳಗ ಅಂವ ಹುಚ್ಚರಾಂಗ ಬಡಬಡಸ್ತಿದ್ದ. ನಾನೂ ಗಪ್ ಕುಂತೆ. ನಂದೂ ತಪ್ಪೈತಿ."

ಸಂಜೆ ನಾಲ್ಕಕ್ಕೆ ಎಫ್‌ಐಆರ್ ಆಯಿತು. ಈ ಸಲ ಆರೋಪಿ ದೇವೇಂದ್ರಪ್ಪ. ಮನುಷ್ಯನನ್ನು ಅಕ್ರಮವಾಗಿ ಕೂಡಿಹಾಕಿದ್ದಕ್ಕೆ 342ನೇ ಕಲಮು. ಸುಳ್ಳು ಫಿರ್ಯಾದಿಯ ಬಗ್ಗೆ ಮ್ಯಾಜಿಸ್ಟ್ರೇಟರಿಗೆ ಬೇರೆ ವರದಿ. ಮುಂದಿನ ತಿಂಗಳಿಗೆ ಇದು ಮೈಸೂರು ರಾಜ್ಯ. ಠಾಣೆಯ ಫಲಕ ಬದಲಾಗುವುದಿತ್ತು, ಕಲಮು ಬದಲಾಗುವುದಿರಲಿಲ್ಲ.

"ಡಿಡಿಟಿ ಯಾಕ ಹೊಡಸಲಿಲ್ಲ?" ಎಂದು ಫೌಜದಾರರು ಹಿಡಿದು ತಂದ ದೇವೇಂದ್ರಪ್ಪನನ್ನು ಕೇಳಿದರು.

"ಮಗ್ಗದ ರೇಷ್ಮಿ ಎಳಿಗೆ ಕಲಿ ಬೀಳ್ತಾವ್ರಿ. ಗ್ವಾಡಿ ಮ್ಯಾಲಿನ ಗುರ್ತು ನಾನ ಬರದೆ."

"ದವಾಖಾನಿಗೆ ಯಾಕ ಒಯ್ಯಲಿಲ್ಲ?"

"ಒಯ್ದಿದ್ರ ಡಿಡಿಟಿಯವ್ರು ಮತ್ತ ಬರ್ತಿದ್ರು. ಜ್ವರ ಇಳದಮ್ಯಾಲ ಸೀರಿ ಮುಗಸ್ತಾನ ಅಂತ ಕೂಡಿಹಾಕಿದೆ."

"ಮತ್ತ ಇವತ್ತ ಠಾಣಾಕ್ಕ ಯಾಕ ತಂದಿ?"

"ಮುಂಜಾನಿ ನೋಡಿದ್ರ ಸಾಯಾಕ ಬಂದಿದ್ದ. ಅದಕ್ಕ ಅಂಗಿಗೆ ದಾರೂ ಸುರುವಿ, ಸೀರಿ ಕತ್ತರಿಸಿ ಇಲ್ಲಿಗೆ ತಂದೆ. ನಮ್ಮ ಮನಿತನದಾಗ ಒಂದು ನೇಮ ಐತ್ರಿ. ಯಾವ ಕುಣ್ಯಾಗ ನೇಕಾರನ ಜೀವ ಹೋಗ್ತೈತಿ, ಆ ಕುಣಿಗೆ ಮಣ್ಣು ಹಾಕಬೇಕು. ಅಲ್ಲಿ ಮತ್ತ ಮಗ್ಗ ಹೂಡಾಂಗಿಲ್ಲ. ಅದು ನಮ್ಮಪ್ಪ ತನ್ನ ಕೈಲೆ ತೋಡಿದ ಕುಣಿ. ನಮ್ಮವ್ವ ದಿನಾ ಅದಕ್ಕ ಕೈ ಮುಗದ ಉಣ್ಣೂದು."

ಹುಲಗಪ್ಪನಿಗೆ ತನ್ನ ಅಜ್ಜಿಯ ಕತೆ ನೆನಪಾಯಿತು: ಏಳು ಸಮುದ್ರದ ಆಚೆ ಗಿಳಿಯೊಳಗೆ ಜೀವ ಇಟ್ಟುಕೊಂಡ ರಾಕ್ಷಸ. ಈ ಸಾವ್ಕಾರ ತನ್ನ ಜೀವವನ್ನು ಆ ಕುಣಿಯಲ್ಲಿ ಇಟ್ಟಿದ್ದ. ಉಡಚಪ್ಪ ಸಾಯುವುದಾದರೆ ಬೇರೆ ಎಲ್ಲಿಯಾದರೂ ಸಾಯಲಿ, ಪೊಲೀಸರ ಕೋಲಿಯಲ್ಲಾದರೂ ಸರಿ. ಹುಲಗಪ್ಪ ತಾನೇ ಬೀಗ ಹಾಕಿ ಆ ಕೆಲಸಕ್ಕೆ ಕೈ ಹಚ್ಚಿದ್ದ.

ಮರುದಿನ ಮಧ್ಯಾಹ್ನ ದವಾಖಾನೆಯಿಂದ ಮಲಂಗಸಾಬ ಓಡಿ ಬಂದ. "ಕಣ್ ತಗದಾನ್ರಿ ಸಾಹೇಬ್ರ. ಹೆಂಡ್ತಿ ಗುರ್ತು ಹಿಡದಾನ. ಚಾ ಕೇಳ್ಯಾನ."

ಫೌಜದಾರರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ನಗು ಮೂಡಿದ್ದನ್ನು ಹುಲಗಪ್ಪ ಆವತ್ತೇ ಮೊದಲು ನೋಡಿದ. ಮೂಕಪ್ಪ ಎಂಬ ಹೆಸರು ಆಮೇಲೆ ಅವನ ಬಾಯಿಗೆ ಬರಲಿಲ್ಲ.

ಸರಳಿನ ಹಿಂದಿನಿಂದ ದೇವೇಂದ್ರಪ್ಪ ಎದ್ದು ನಿಂತ. "ಉಳದಾನೇನ್ರಿ?"

"ಉಳದಾನ," ಎಂದ ಹುಲಗಪ್ಪ.

ದೇವೇಂದ್ರಪ್ಪ ಸರಳಿಗೆ ಹಣೆ ಹಚ್ಚಿದ. ನಿನ್ನೆಯಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟ.

"ಹಂಗಾದ್ರ ಕುಣಿ ಮುಚ್ಚೂದು ಬ್ಯಾಡಲ್ರಿ," ಎಂದ.